ಚಂದಾ ಕೊಟ್ಟ ನೀರು, ಬಿಟ್ಟಿ ನೀರು

ಪುಣೆ ಜಿಲ್ಲೆಯಲ್ಲಿ ಗಾಳ ಹಾಕುವವರಿಗೆ ನೀರಿನ ಬರವಿಲ್ಲ. ಸಹ್ಯಾದ್ರಿಯ ಮಳೆಯನ್ನು ತಡೆದು ನಿಲ್ಲಿಸಿದ ಖಡಕವಾಸ್ಲಾ, ಪಾನಶೇತ್, ವರಸಗಾಂವ್, ಪವನಾ, ಮುಳಶಿ, ವಲ್ವಣ ಜಲಾಶಯಗಳು ಪಶ್ಚಿಮಕ್ಕಿವೆ. ಊರೊಳಗೆ ಕಾತ್ರಜ್ ಮತ್ತು ಪಾಷಾಣ ಕೆರೆಗಳಿವೆ. ಸೋಲಾಪುರದ ದಾರಿ ಹಿಡಿದರೆ ಉಜನಿಯ ಹಿನ್ನೀರು ಕಣ್ಣು ಹಾಯುವಷ್ಟು ದೂರ ಹರಡಿಕೊಂಡಿದೆ. ಆದರೆ ಕೋಲು, ರೀಲು, ಎರೆಯ ಡಬ್ಬಿ ಹಿಡಿದು ಹೊರಟವರು ಮೀನು ಎಲ್ಲಿದೆ ಎಂದು ಕೇಳುವ ಮೊದಲು ನೀರು ಯಾರದು ಎಂದು ವಿಚಾರಿಸುವುದು ಒಳ್ಳೆಯದು. ಪುಣೆಯ ಸುತ್ತ ಒಂದೊಂದು ನೀರಿಗೆ ಒಬ್ಬೊಬ್ಬ ಯಜಮಾನ. ಒಂದು ಕಡೆ ಸರ್ಕಾರ, ಒಂದು ಕಡೆ ವಿದ್ಯುತ್ ಕಂಪನಿ, ಒಂದು ಕಡೆ ಮೀನುಗಾರರ ಸಂಘ, ಮತ್ತೊಂದು ಕಡೆ ದೇವರು.

ಇಂಗ್ಲೆಂಡಿನಲ್ಲಿ ಈ ಲೆಕ್ಕ ಹಳೆಯದು. ಅಲ್ಲಿ ಸಿಹಿನೀರಿನಲ್ಲಿ ಗಾಳ ಹಾಕಲು ಸರ್ಕಾರದ ಪರವಾನಗಿ ಬೇಕು. ಅದರ ಮೇಲೆ ಆ ಕೆರೆಯ ಒಡೆಯನಿಗೋ ಕ್ಲಬ್ಬಿಗೋ ದಿನದ ಚೀಟಿ ಅಥವಾ ವರ್ಷದ ಚಂದಾ ಕೊಡಬೇಕು. ಅಮೆರಿಕದಲ್ಲಿ ಸಾರ್ವಜನಿಕ ನೀರೇ ಹೆಚ್ಚು, ಆದರೆ ಅದೂ ಬಿಟ್ಟಿಯಲ್ಲ. ರಾಜ್ಯಗಳ ಲೈಸೆನ್ಸ್ ಶುಲ್ಕ ಒಂದಿದೆ. 1950ರ ಡಿಂಗೆಲ್-ಜಾನ್ಸನ್ ಕಾಯ್ದೆಯ ಪ್ರಕಾರ ಗಾಳದ ಸಾಮಾನಿನ ಮೇಲೆ ಬೀಳುವ ತೆರಿಗೆ ಮೀನಿನ ಸಂರಕ್ಷಣೆಗೆ ಹೋಗುತ್ತದೆ. ಭಾರತದಲ್ಲಿ ಗಾಳ ಹಾಕುವ ಹವ್ಯಾಸಿಯನ್ನು ಕಾನೂನು ಬಹುಮಟ್ಟಿಗೆ ಮರೆತೇಬಿಟ್ಟಿದೆ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಾಗಲಿ 1960ರ ಮಹಾರಾಷ್ಟ್ರದ ಕಾಯ್ದೆಯಾಗಲಿ ಮುಖ್ಯವಾಗಿ ಯೋಚಿಸಿದ್ದು ಬಲೆಯವರನ್ನು, ವಿಷ ಹಾಕುವವರನ್ನು, ತೋಟೆ ಸಿಡಿಸುವವರನ್ನು ಕುರಿತು. ಸಂತೋಷಕ್ಕೆಂದು ಕೋಲು ಹಿಡಿದು ದಂಡೆಯಲ್ಲಿ ಕೂರುವ ಮನುಷ್ಯ ಅವುಗಳ ಅಂಚಿನಲ್ಲಿ ಎಲ್ಲೋ ಇದ್ದಾನೆ.

ಪುಣೆಯಿಂದ ನೈಋತ್ಯಕ್ಕೆ ಸಿಂಹಗಡದ ದಾರಿಯಲ್ಲಿ ಮೊದಲು ಸಿಗುವ ದೊಡ್ಡ ನೀರು ಖಡಕವಾಸ್ಲಾ. ಮುಠಾ ನದಿಗೆ ಅಡ್ಡಲಾಗಿ ಕ್ಯಾಪ್ಟನ್ ಫೈಫ್ ಎಂಬ ಎಂಜಿನಿಯರ್ ಕಟ್ಟಿಸಿದ ಈ ಕಲ್ಲಿನ ಅಣೆಕಟ್ಟು ಮುಗಿದದ್ದು 1879ರ ಹೊತ್ತಿಗೆ. ಬಹುಕಾಲ ಇದಕ್ಕೆ ಫೈಫ್ ಸರೋವರ ಎಂದೇ ಹೆಸರಿತ್ತು. 1961ರ ಜುಲೈ 12ರಂದು ಮೇಲಿನ ಪಾನಶೇತ್ ಅಣೆಕಟ್ಟು ಒಡೆದಾಗ ಇದೂ ಒಡೆದು, ಪುಣೆಯ ಹಳೆಯ ಪೇಟೆಗಳಿಗೆ ನೀರು ನುಗ್ಗಿತು. ಮತ್ತೆ ಕಟ್ಟಿದ ಜಲಾಶಯ ಇಂದು ನಗರಕ್ಕೆ ಕುಡಿಯುವ ನೀರು ಕೊಡುತ್ತದೆ. ಒಂದು ದಂಡೆಯ ಬಹುಭಾಗ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರಿದ್ದು, ಅಲ್ಲಿಗೆ ಸಾಮಾನ್ಯರು ಕಾಲಿಡುವಂತಿಲ್ಲ. ಉಳಿದ ದಂಡೆ ಭಾನುವಾರದ ಜಾತ್ರೆ. ಸುಟ್ಟ ಜೋಳದ ತೆನೆ, ಈರುಳ್ಳಿ ಭಜಿ, ಸೆಲ್ಫಿ ತೆಗೆಯುವ ಹುಡುಗರು, ಇಳಿಯಬೇಡಿ ಎನ್ನುವ ಫಲಕ, ಫಲಕದ ಪಕ್ಕದಲ್ಲೇ ನೀರಿಗೆ ಇಳಿದವರು. ಈ ಗದ್ದಲದ ನಡುವೆ ಅಲ್ಲಲ್ಲಿ ಒಬ್ಬೊಬ್ಬರು ಗಾಳ ಹಾಕಿಕೊಂಡು ಕೂತಿರುತ್ತಾರೆ. ಎರೆಗೆ ಎರೆಹುಳು ಅಥವಾ ಬ್ರೆಡ್ಡಿನ ಉಂಡೆ. ಸಿಗುವುದು ಹೆಚ್ಚಾಗಿ ಅಂಗೈಯಗಲದ ತಿಲಾಪಿಯಾ, ಕನ್ನಡನಾಡಿನ ಕೆರೆಗಳಲ್ಲಿ ಜಿಲೇಬಿ ಮೀನು ಎಂದು ಕರೆಯಿಸಿಕೊಳ್ಳುವ ಅದೇ ಮೀನು. 1952ರಲ್ಲಿ ಭಾರತಕ್ಕೆ ಬಂದ ಈ ಪರದೇಶಿಯನ್ನು ಈಗ ಪರದೇಶಿ ಎನ್ನುವುದೂ ಕಷ್ಟ.

ಸಾರ್ವಜನಿಕ ಎನಿಸುವ ಇಂಥ ನೀರು ಕಾಗದದಲ್ಲಿ ಅಷ್ಟು ಸಾರ್ವಜನಿಕವಲ್ಲ. ಮಹಾರಾಷ್ಟ್ರದ ಜಲಾಶಯಗಳ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆ ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಗಳಿಗೆ ವರ್ಷಗಳ ಲೆಕ್ಕದಲ್ಲಿ ಗುತ್ತಿಗೆಗೆ ಕೊಡುತ್ತದೆ. ಗುತ್ತಿಗೆ ಹಿಡಿದ ಸಂಘ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಕೊಂಡು ತಂದು ಬಿಡಬೇಕು, ದೋಣಿ ಬಲೆ ಇಟ್ಟುಕೊಳ್ಳಬೇಕು, ಹಿಡಿದದ್ದನ್ನು ಮಾರಿ ಹೊಟ್ಟೆ ಹೊರೆಯಬೇಕು. ನೀರು ಸರ್ಕಾರದ್ದು, ಬೆಳೆ ಸಂಘದ್ದು. ಹೀಗಾಗಿ ದಂಡೆಯಲ್ಲಿ ಕೂತ ಹವ್ಯಾಸಿ ಎಳೆದ ನಾಲ್ಕು ಕಿಲೋ ಕಾಟ್ಲಾ ನಿಜಕ್ಕೂ ಬೇರೊಬ್ಬರು ಬಿತ್ತಿದ ಪೈರು. ಜಿಲೇಬಿ ಮೀನಿಗೆ ಯಾರೂ ಜಗಳ ತೆಗೆಯುವುದಿಲ್ಲ. ಕಾಟ್ಲಾ ಬಿದ್ದಾಗ ಸಂಘದ ಕಾವಲುಗಾರ ಎಲ್ಲಿಂದಲೋ ಪ್ರತ್ಯಕ್ಷನಾದರೆ ಅವನ ಮೇಲೆ ಸಿಟ್ಟಾಗುವುದರಲ್ಲಿ ನ್ಯಾಯವಿಲ್ಲ.

ನಿಜವಾಗಿ ಬಿಟ್ಟಿಯಾದ ನೀರು ನೋಡಬೇಕಾದರೆ ಊರೊಳಗಿನ ನದಿಗೇ ಬರಬೇಕು. ಮುಳಾ ಮತ್ತು ಮುಠಾ ಕೂಡುವ ಸಂಗಮದಿಂದ ಬಂಡ್ ಗಾರ್ಡನ್‌ವರೆಗೆ ಗಾಳಕ್ಕೆ ಚೀಟಿ ಕೇಳುವವರಿಲ್ಲ, ತಡೆಯುವವರಿಲ್ಲ. ಇದೇ ನದಿ ಒಂದು ಕಾಲಕ್ಕೆ ಮೀನಿನ ಶಾಸ್ತ್ರಕ್ಕೆ ತವರು. ಬಾಂಬೆ ಸರ್ಕಾರದ ಅಂಕಿಅಂಶ ಅಧಿಕಾರಿಯಾಗಿದ್ದ ಕರ್ನಲ್ ಡಬ್ಲ್ಯು.ಎಚ್. ಸೈಕ್ಸ್ ದಖ್ಖನಿನ ಮೀನುಗಳನ್ನು ಬರೆದಿಟ್ಟು, 1839ರಲ್ಲಿ ಅವುಗಳಿಗೆ ವೈಜ್ಞಾನಿಕ ಹೆಸರು ಕೊಟ್ಟಾಗ ಅವುಗಳಲ್ಲೊಂದು ಇಂದು ಟಾರ್ ಖುದ್ರೀ ಎನಿಸಿಕೊಳ್ಳುವ ನೀಲಿ ರೆಕ್ಕೆಯ ಮಹಶೀರ್. ಅದು ಅವರಿಗೆ ಸಿಕ್ಕಿದ್ದು ಪುಣೆಯಿಂದ ಪೂರ್ವಕ್ಕೆ ಎಂಟು ಮೈಲಿ ದೂರದಲ್ಲಿ, ಮುಳಾ-ಮುಠಾ ನದಿಯಲ್ಲಿ. ನೂರು ವರ್ಷದ ಮೇಲೆ, 1942ರಲ್ಲಿ, ಎ.ಜಿ.ಎಲ್. ಫ್ರೇಸರ್ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪುಣೆಯ ಮೀನುಗಳ ಪಟ್ಟಿ ಮಾಡಿದರು. ಈಗಿನ ಸಂಶೋಧಕರು ಹಳೆಯ ಆ ಪಟ್ಟಿಗಳನ್ನು ಕೈಯಲ್ಲಿ ಹಿಡಿದು ಕಾಣೆಯಾದವುಗಳ ಲೆಕ್ಕ ಮಾಡುತ್ತಾರೆ. ನಗರದ ಕೊಳಚೆ ಸೇರಿದ ಈ ಪಾತ್ರದಲ್ಲಿ ಇಂದು ಬಾಳುವುದು ತಿಲಾಪಿಯಾ, ಮಾಗೂರು ಮೊದಲಾದ ಗಟ್ಟಿ ಜೀವಗಳು. ಯಾರೂ ಚಂದಾ ಕೇಳದ ನೀರನ್ನು ಯಾರೂ ಕಾಯಲೂ ಇಲ್ಲ.

ಕಂಪನಿಯ ನೀರಿಗೆ ಹೋಗುವ ದಾರಿ ಪಶ್ಚಿಮಕ್ಕೆ, ಪೌಡ್ ಮೇಲೆ ಮುಳಶಿಗೆ. ಮಳೆಗಾಲದಲ್ಲಿ ಈ ದಾರಿಯುದ್ದಕ್ಕೂ ಜಲಪಾತ ನೋಡಲು ಬಂದವರ ಕಾರುಗಳ ಸಾಲು. ಘಟ್ಟದ ನೆತ್ತಿಯಲ್ಲಿ ತಾಮ್ಹಿಣಿಯ ಮಂಜು. ಮುಳಶಿಯ ಸರೋವರ ಟಾಟಾ ಕಂಪನಿಯದು. ಮುಂಬಯಿಯ ಗಿರಣಿ ಮತ್ತು ರೈಲುಗಳಿಗೆ ವಿದ್ಯುತ್ ಬೇಕಾಗಿ ಕಂಪನಿ ಘಟ್ಟದ ನೆತ್ತಿಯಲ್ಲಿ ನೀರು ಕಟ್ಟಿ, ಪೂರ್ವಕ್ಕೆ ಭೀಮೆಗೆ ಹೋಗಬೇಕಿದ್ದ ಅದನ್ನು ಪಶ್ಚಿಮಕ್ಕೆ ಕೊಂಕಣದ ಕಡೆಗೆ ಇಳಿಸಿತು. 1915ರಲ್ಲಿ ಖೋಪೋಲಿ, 1922ರಲ್ಲಿ ಭಿವಪುರಿ, 1927ರಲ್ಲಿ ಭಿರಾ ವಿದ್ಯುದಾಗಾರಗಳು ಓಡತೊಡಗಿದವು. ಭಿರಾಕ್ಕೆ ನೀರು ಕೊಡುವುದು ಮುಳಶಿ. ಅದಕ್ಕಾಗಿ ಐವತ್ತು ಹಳ್ಳಿಗಳ ಆಸುಪಾಸಿನ ಭತ್ತದ ಗದ್ದೆಗಳು ಮುಳುಗುವುದಿತ್ತು. 1921ರ ಏಪ್ರಿಲ್‌ನಲ್ಲಿ, ರಾಮನವಮಿಯ ದಿನ, ಆ ಮಾವಳ ಪ್ರದೇಶದ ರೈತರು ಸತ್ಯಾಗ್ರಹಕ್ಕೆ ಕೂತರು. ಮುಂದಾಳಾಗಿ ಬಂದ ಪಾಂಡುರಂಗ ಮಹಾದೇವ ಬಾಪಟರಿಗೆ ಸೇನಾಪತಿ ಎಂಬ ಬಿರುದು ಅಂಟಿದ್ದು ಈ ಹೋರಾಟದಲ್ಲೇ. ಹಲವರು ಜೈಲು ಸೇರಿದರು, ಹೋರಾಟ ಸೋತಿತು, ಅಣೆಕಟ್ಟು ಎದ್ದಿತು. ಖಾಸಗಿ ಸರೋವರ ಎಂಬ ಮಾತು ಇಂಗ್ಲೆಂಡಿನ ಜಮೀನ್ದಾರನ ತೋಟದ ಕೊಳಕ್ಕೆ ಸರಳವಾಗಿ ಹೊಂದುತ್ತದೆ. ಮುಳಶಿಯ ಬೇಲಿಯ ಬಳಿ ನಿಂತವರಿಗೆ ಅದು ಅಷ್ಟು ಸಲೀಸಾಗಿ ಬಾಯಿಗೆ ಬರಬಾರದು, ಏಕೆಂದರೆ ಒಳಗೆ ಬಿಡದ ಕಾವಲುಗಾರನ ಅಜ್ಜನ ಗದ್ದೆಯೇ ಆ ನೀರಿನ ತಳದಲ್ಲಿರಬಹುದು.

ಅದೇ ಕಂಪನಿ ಲೋಣಾವಳೆಯಲ್ಲಿ ಮಾಡಿದ ಕೆಲಸ ಇನ್ನೊಂದು ತೆರನದು. ಪುಣೆಯಿಂದ ಅರವತ್ತೈದು ಕಿಲೋಮೀಟರ್ ಆಸುಪಾಸಿನ ಈ ಗಿರಿಧಾಮಕ್ಕೆ ಜನ ಹೋಗುವುದು ಮಳೆ ನೋಡಲು ಮತ್ತು ಚಿಕ್ಕಿ ಕೊಳ್ಳಲು. ಹೆದ್ದಾರಿಯ ಸಮೀಪದಲ್ಲೇ ಇರುವ ವಲ್ವಣ ಅಣೆಕಟ್ಟೆಯ ಕೆಳಗೆ ಮಹಶೀರಿನ ಮರಿ ಮಾಡುವ ಕೇಂದ್ರವೊಂದು ಐವತ್ತು ವರ್ಷಗಳಿಂದ ನಡೆದುಬಂದಿದೆ. ಬಾಂಬೆ ರಾಜ್ಯದ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಸಿ.ವಿ. ಕುಲಕರ್ಣಿ ದಖ್ಖನಿ ಮಹಶೀರಿನ, ಅಂದರೆ ಅದೇ ನೀಲಿ ರೆಕ್ಕೆಯ ಮೀನಿನ, ಮೊಟ್ಟೆ ಮತ್ತು ಮರಿಯ ಬೆಳವಣಿಗೆಯನ್ನು ಅಭ್ಯಾಸ ಮಾಡಿ 1971ರಲ್ಲಿ ಪ್ರಕಟಿಸಿದ್ದರು. ಅವರು ಮತ್ತು ಎಸ್.ಎನ್. ಓಗಳೆ ಈ ಕೇಂದ್ರವನ್ನು ಬೆಳೆಸಿದರು. ಮಳೆಗಾಲದಲ್ಲಿ ಮೊಟ್ಟೆ ತುಂಬಿದ ಹೆಣ್ಣನ್ನು ಹಿಡಿದು, ಹೊಟ್ಟೆಯನ್ನು ಮೆಲ್ಲನೆ ಒತ್ತಿ ಮೊಟ್ಟೆ ಇಳಿಸಿ, ಗಂಡಿನ ವೀರ್ಯ ಬೆರೆಸಿ, ಹರಿಯುವ ನೀರಿನ ತಟ್ಟೆಗಳಲ್ಲಿ ಇಡುತ್ತಾರೆ. ಈ ಮೀನಿನ ಮೊಟ್ಟೆ ತೇಲುವುದಿಲ್ಲ, ತಳದಲ್ಲಿ ಕೂರುತ್ತದೆ. ಹೊಳೆಯಲ್ಲಾದರೆ ಹೂಳು ಮುಚ್ಚಿದರೆ ಉಸಿರುಗಟ್ಟಿ ಸಾಯುತ್ತದೆ. ತಟ್ಟೆಯಲ್ಲಿ ಆ ಭಯವಿಲ್ಲ. ಹೀಗೆ ಬೆಳೆದ ಮರಿಗಳು ಕಂಪನಿಯ ಸರೋವರಗಳಿಗೆ ಹೋದವು, ಉಳಿದವು ಬೇರೆ ಬೇರೆ ರಾಜ್ಯಗಳಿಗೆ ಹೋದವು. ಅಳಿವಿನಂಚಿನ ಪಟ್ಟಿಯಲ್ಲಿದ್ದ ನೀಲಿ ರೆಕ್ಕೆಯ ಮಹಶೀರ್ ಅಲ್ಲಿಂದ ಹೊರಬಂದ ಸುದ್ದಿ 2020ರಲ್ಲಿ ಪತ್ರಿಕೆಗಳಲ್ಲಿ ಬಂದಾಗ ವಲ್ವಣದ ಹೆಸರೂ ಜೊತೆಗೆ ಬಂತು. ಮೂಲದ ಮುಳಾ-ಮುಠಾದಲ್ಲಿ ಬಾಳಲಾಗದ ಮೀನನ್ನು ಬೇಲಿಯೊಳಗಿನ ನೀರು ಉಳಿಸಿತು.

ಘಟ್ಟ ಇಳಿದು ಮುಂಬಯಿ ತಲುಪಿದರೆ ಸದಸ್ಯತ್ವದ ಪದ್ಧತಿ ಅದರ ಪೂರ್ಣ ರೂಪದಲ್ಲಿ ಪವಾಯಿ ಕೆರೆಯ ಮೇಲೆ ಕಾಣುತ್ತದೆ. 1891ರಲ್ಲಿ ಕುಡಿಯುವ ನೀರಿಗೆಂದು ಕಟ್ಟಿಸಿ, ಕುಡಿಯಲು ಬಾರದೆ ಹೋದ ಕೆರೆ ಅದು. ಅಲ್ಲಿ ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್ ಎಂಬ ಗಾಳಗಾರರ ಸಂಘ ಸದಸ್ಯರಿಂದ ಚಂದಾ ಪಡೆದು ಮರಿ ಬಿಡುತ್ತದೆ, ಕಾವಲಿಡುತ್ತದೆ, ಅಂತರಗಂಗೆ ಮುಚ್ಚಿದ ನೀರಿನ ಬಗ್ಗೆ ಪಾಲಿಕೆಯ ಬಾಗಿಲು ತಟ್ಟುತ್ತದೆ. ಕೆರೆ ಸಾರ್ವಜನಿಕರದ್ದು, ಗಾಳ ಮಾತ್ರ ಸದಸ್ಯರದ್ದು. ಸಂಘ ಇಲ್ಲದಿದ್ದರೆ ಆ ಕೆರೆ ಈ ಹೊತ್ತಿಗೆ ಏನಾಗಿರುತ್ತಿತ್ತು ಎಂದು ಸದಸ್ಯರು ಕೇಳುತ್ತಾರೆ. ಪ್ರಶ್ನೆಯಲ್ಲಿ ಸ್ವಾರ್ಥವಿದ್ದರೂ ಹುರುಳಿದೆ.

ಈ ವಾದವನ್ನು ದೊಡ್ಡ ನದಿಯೊಂದರ ಮೇಲೆ ಒರೆಗೆ ಹಚ್ಚಿದ್ದು ಕರ್ನಾಟಕ. ಗಾಳದ ಹವ್ಯಾಸಕ್ಕೆ ಕನ್ನಡನಾಡಿನಲ್ಲಿ ಉದ್ದದ ಚರಿತ್ರೆಯಿದೆ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್.ಎಸ್. ಥಾಮಸ್ 1870ರಲ್ಲಿ ಆ ಜಿಲ್ಲೆಯ ಮೀನುಸಾಕಣೆಯ ಬಗ್ಗೆ ವರದಿ ಬರೆದರು, 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಪುಸ್ತಕ ಹೊರತಂದರು. ಮೈಸೂರಿನ ಚರ್ಮಪ್ರಸಾಧಕ ಮನೆತನದ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಆಮೇಲಿನ ದಶಕಗಳಲ್ಲಿ ತೋಟೆ ಹಾಕುವವರು ಕಾವೇರಿಯ ಮಡುಗಳನ್ನು ಬರಿದು ಮಾಡುತ್ತ ಬಂದರು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ನದಿಯ ಒಂದು ಭಾಗವನ್ನು ಗುತ್ತಿಗೆ ಹಿಡಿಯಿತು. ಮುಂದೆ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರ ತೆರೆಯಿತು. ಕೊಡಗಿನ ವಾಲ್ನೂರಿನಲ್ಲಿ ಕೊಡಗು ವನ್ಯಜೀವಿ ಸಂಘ ತನ್ನದೇ ಪರವಾನಗಿ ಕೊಡತೊಡಗಿತು. ನಿಯಮ ಒಂದೇ: ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಜೀವಂತ ಬಿಡಬೇಕು. ಎರೆಗೆ ದುಬಾರಿ ಸಾಮಾನು ಬೇಕಿರಲಿಲ್ಲ. ಲಂಡನ್ನಿನಿಂದ ಬಂದ ಸಾಹೇಬನೂ ಮಂಡ್ಯದ ಮುದ್ದೆಯ ಮುಂದೆ ತಲೆಬಾಗಿ, ಬೇಯಿಸಿದ ರಾಗಿ ಹಿಟ್ಟಿನ ಉಂಡೆಯನ್ನೇ ಕೊಕ್ಕೆಗೆ ಮೆತ್ತುತ್ತಿದ್ದ. ಆ ಉಂಡೆ ಕಟ್ಟಿ, ಹರಿಗೋಲು ನಡೆಸಿ, ಮಡು ತೋರಿಸುತ್ತಿದ್ದವರಲ್ಲಿ ಹಿಂದೆ ತೋಟೆ ಹಾಕುತ್ತಿದ್ದವರೇ ಹಲವರಿದ್ದರು. ಅತಿಥಿಗಳ ಹಣ ಅವರಿಗೆ ಸಂಬಳವಾಯಿತು, ಅವರು ನದಿಗೆ ಕಾವಲಾದರು.

ಗಾಳಿಬೋರೆಯ ದಾಖಲೆ ಪುಸ್ತಕಗಳು ಇದಕ್ಕೆ ಸಾಕ್ಷಿ. 1998ರಿಂದ 2012ರವರೆಗೆ ಅಲ್ಲಿ 23,620 ಗಂಟೆಗಳ ಗಾಳಕ್ಕೆ 6,161 ಮಹಶೀರ್ ಸಿಕ್ಕು ಮತ್ತೆ ನೀರಿಗೆ ಹೋದವು. ಎಲ್ಲಕ್ಕಿಂತ ದೊಡ್ಡದು 104 ಪೌಂಡು. ವರ್ಷ ಕಳೆದಂತೆ ಮೀನುಗಳ ಸಂಖ್ಯೆ ಏರಿತು, ಸರಾಸರಿ ತೂಕ ಇಳಿಯಿತು, ಅಂದರೆ ಮರಿಗಳು ಬದುಕುತ್ತಿದ್ದವು. ಇದೇ ಪುಸ್ತಕಗಳಲ್ಲಿ ಇನ್ನೊಂದು ಕಥೆಯೂ ಇತ್ತು. ಏರಿದ ಸಂಖ್ಯೆ ನೀಲಿ ರೆಕ್ಕೆಯ ಮಹಶೀರಿನದು, ಅಂದರೆ ಸೈಕ್ಸ್ ಪುಣೆಯ ಬಳಿ ಕಂಡ, ಲೋಣಾವಳೆಯ ತಟ್ಟೆಗಳಲ್ಲಿ ಹುಟ್ಟಿ ಕಾವೇರಿಗೆ ಬಂದ ತಳಿಯದು. ಕಾವೇರಿಯದೇ ಆದ ಡುಬ್ಬದ ಮಹಶೀರ್, ವ್ಯಾನ್ ಇಂಗೆನ್ ಕಾಲದ ಆ ದೈತ್ಯ, ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತ ಹೋಗಿತ್ತು. ಅದಕ್ಕೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದ ಪಟ್ಟಿಗೂ ಸೇರಿತು. ಮರಿ ತರಿಸಿದವರ ಉದ್ದೇಶ ಒಳ್ಳೆಯದೇ ಇತ್ತು. ಮಹಶೀರ್ ಎಂದರೆ ಮಹಶೀರ್ ಎಂದು ನಂಬಿದ ಕಾಲ ಅದು. ಆದರೂ ಚಂದಾ ಕೊಟ್ಟವರಿಗೆ ಗಾಳಕ್ಕೆ ಬೀಳುವ ಮೀನು ಬೇಕು, ಯಾವ ತಳಿ ಎಂಬುದು ಎರಡನೆಯ ಮಾತು ಎಂಬ ದೋಷ ಈ ಪದ್ಧತಿಯ ಬೇರಿನಲ್ಲೇ ಇದೆ. ಅದನ್ನು ಬಯಲಿಗೆ ತಂದದ್ದು ಗಾಳಗಾರರೇ ಬರೆದಿಟ್ಟ ಲೆಕ್ಕ ಎಂಬುದನ್ನೂ ಹೇಳಬೇಕು. ಬಲೆಯವರ ನದಿಯಲ್ಲಿ ಇಂಥ ಲೆಕ್ಕ ಇಡುವವರಿರಲಿಲ್ಲ.

2012ರ ಹೊತ್ತಿಗೆ ಈ ಶಿಬಿರಗಳಿದ್ದ ಕಾವೇರಿ ವನ್ಯಧಾಮದೊಳಗೆ ಗಾಳ ನಿಂತಿತು. ಅಭಯಾರಣ್ಯದಲ್ಲಿ ಮೀನಿಗೆ ಕೊಕ್ಕೆ ಚುಚ್ಚುವುದು, ಬಿಟ್ಟರೂ, ಬೇಟೆಯೇ ಎಂಬುದು ಕಾನೂನಿನ ನೋಟ. ತರ್ಕ ಸರಿ. ನದಿಯ ಮೇಲೆ ದಿನವೂ ಕಣ್ಣಿಡುತ್ತಿದ್ದವರು ಆ ತರ್ಕದ ಜೊತೆಗೇ ಕೆಲಸ ಕಳೆದುಕೊಂಡರು.

ಚಂದಾ ಇಲ್ಲದೆಯೂ ಕಾವಲು ಸಾಧ್ಯ ಎಂಬುದಕ್ಕೆ ಪುಣೆಯ ಬಳಿಯೇ ಉದಾಹರಣೆ ಇದೆ. ತುಕಾರಾಮರ ದೇಹೂ ಮತ್ತು ಜ್ಞಾನೇಶ್ವರರ ಆಳಂದಿ ಎರಡೂ ಇಂದ್ರಾಯಣಿಯ ದಂಡೆಯವು. ಆ ಸ್ನಾನಘಟ್ಟಗಳ ಮಹಶೀರಿಗೆ ವಾರಕರಿ ಯಾತ್ರಿಕರು ಚುರುಮುರಿ ಹಾಕಿ ಕೈಮುಗಿದರೇ ಹೊರತು ಗಾಳ ಹಾಕಲಿಲ್ಲ. ಕನ್ನಡಿಗರಿಗೆ ಇದು ಹೊಸತಲ್ಲ. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿವೆ. ದೇವರ ಹೆಸರಿಗೆ ಮನುಷ್ಯ ಅಂಜುತ್ತಾನೆ, ವಿಷ ಅಂಜುವುದಿಲ್ಲ. ಶಿಶಿಲದಲ್ಲಿ 1996ರಲ್ಲಿ ಯಾರೋ ಬೆರೆಸಿದ ವಿಷಕ್ಕೆ ಮೀನುಗಳು ರಾಶಿರಾಶಿಯಾಗಿ ಸತ್ತವು. ಪಿಂಪ್ರಿ-ಚಿಂಚವಡದ ಕೈಗಾರಿಕೆಗಳ ನೆರೆಯ ಇಂದ್ರಾಯಣಿ ಈಗ ಹಲವು ದಿನ ನೊರೆ ಹೊತ್ತು ಹರಿಯುತ್ತದೆ.

ಮುಳಾ-ಮುಠಾ, ಇಂದ್ರಾಯಣಿ ಎಲ್ಲವೂ ಕೊನೆಗೆ ಭೀಮೆಗೆ, ಭೀಮೆ ಉಜನಿಗೆ. 1980ರಲ್ಲಿ ಪೂರ್ಣಗೊಂಡ ಈ ಜಲಾಶಯದ ಹಿನ್ನೀರು ಪುಣೆಯಿಂದ ಸುಮಾರು ನೂರು ಕಿಲೋಮೀಟರ್ ದೂರದ ಭಿಗವಣದಲ್ಲಿ ರಸ್ತೆಯ ಹತ್ತಿರಕ್ಕೆ ಬರುತ್ತದೆ. ಪುಣೆಯ ಕೊಳಚೆ ಇಲ್ಲಿ ಪಾಚಿಯಾಗಿ, ಪಾಚಿ ಚಿಲಾಪಿಯಾಗಿ (ತಿಲಾಪಿಯಾಕ್ಕೆ ಇಲ್ಲಿನ ಹೆಸರು), ಚಿಲಾಪಿ ಭಿಗವಣದ ಖಾನಾವಳಿಗಳ ತಟ್ಟೆಯಾಗಿ ಮಾರ್ಪಡುತ್ತದೆ. ಇಲ್ಲಿ ನೀರಿನ ಹಕ್ಕುದಾರರು ಭೋಯಿ ಮೀನುಗಾರರು. ಹಿಡಿಯುವುದಕ್ಕೆ ಪರವಾನಗಿ ಶುಲ್ಕ ಕಟ್ಟುವವರೂ ಅವರೇ. ಚಳಿಗಾಲದಲ್ಲಿ ರಾಜಹಂಸಗಳು ಇಳಿದಾಗ ಕುಂಭಾರಗಾಂವ್, ಡಿಕ್ಸಳ್ ದಂಡೆಗಳಲ್ಲಿ ಅದೇ ದೋಣಿಗಳು ಕ್ಯಾಮೆರಾದವರನ್ನು ಹೊತ್ತು ತಿರುಗುತ್ತವೆ, ಮತ್ತು ಬೆಳಗಿನ ಒಂದು ಸುತ್ತಿಗೆ ಸಿಗುವ ಬಾಡಿಗೆಗೆ ಒಂದು ಬುಟ್ಟಿ ಚಿಲಾಪಿ ಸಾಟಿಯಾಗುವುದಿಲ್ಲ. ಹವ್ಯಾಸಿ ಗಾಳಗಾರ ಇಲ್ಲಿ ಕೂತರೆ ಯಾರೂ ಎಬ್ಬಿಸುವುದಿಲ್ಲ. ಹೊಟ್ಟೆಪಾಡಿನ ಬಲೆಗಳ ನಡುವೆ ಮೋಜಿನ ಕೋಲಿಗೆ ಎಷ್ಟು ಜಾಗ ಎಂಬುದನ್ನು ಅವನೇ ತೀರ್ಮಾನಿಸಿಕೊಳ್ಳಬೇಕು.

ಇದಾವ ತಕರಾರೂ ಬೇಡ ಎನ್ನುವವರಿಗೆ ಈಗ ಕೃಷಿ ಹೊಂಡಗಳಿವೆ. ಕೇಳಿದವರಿಗೆಲ್ಲ ಹೊಂಡ ಕೊಡುವ ಯೋಜನೆಯನ್ನು ಮಹಾರಾಷ್ಟ್ರ 2016ರಲ್ಲಿ ತಂದಿತು, ಕೃಷಿ ಪ್ರವಾಸೋದ್ಯಮಕ್ಕೆ 2020ರಲ್ಲಿ ನೀತಿ ರೂಪಿಸಿತು. ಎರಡೂ ಕೂಡಿದ ಕಡೆ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ರೋಹು ಸಾಕಿ, ವಾರಾಂತ್ಯಕ್ಕೆ ಬಂದ ನಗರದ ಮಕ್ಕಳ ಕೈಗೆ ರೈತ ಬಿದಿರಿನ ಕೋಲು ಕೊಡುತ್ತಾನೆ. ನೀರು ಅವನದೇ, ಮೀನು ಅವನದೇ, ಮುಳುಗಿದ್ದೂ ಅವನದೇ ಹೊಲ. ಕಾವೇರಿಯಲ್ಲಿ ಹಿಡಿದದ್ದನ್ನು ಬಿಡುವುದು ನಿಯಮವಾಗಿದ್ದರೆ ಇಂಥ ಹೊಂಡಗಳ ನಿಯಮ ಸಾಮಾನ್ಯವಾಗಿ ತಿರುಗಾಮುರುಗ: ಗಾಳಕ್ಕೆ ಬಿದ್ದದ್ದನ್ನು ತಕ್ಕಡಿಗೆ ಹಾಕಿ, ಕಿಲೋ ಲೆಕ್ಕದಲ್ಲಿ ಹಣ ಕೊಟ್ಟು ಒಯ್ಯಬೇಕು.